ಮೊದಲು ಹೋಗುವುದು ಸೇತುವೆ

ಸಂಡೂರಿನ ಬಂಡ್ರಿ ಸೀಮೆಯಲ್ಲಿ ಬೆಳೆದ ನನ್ನ ವಯಸ್ಸಿನವರಿಗೆ ಅದಿರು ಅಂದರೆ ಲಾರಿ. ನಮ್ಮ ಹಿಂದಿನ ತಲೆಮಾರಿಗೆ ಅದಿರು ಅಂದರೆ ಕಂಬಿ, ವ್ಯಾಗನ್, ಹೊಗೆಬಂಡಿ. ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನ ಕುರಿತ ಗ್ರಂಥವನ್ನು 1895ರಲ್ಲಿ ಹೊರತಂದರು. ಅದರ ಬೆನ್ನಿಗೆ, ಇಪ್ಪತ್ತನೇ ಶತಮಾನದ ಆರಂಭದಲ್ಲಿ, ಬೆಲ್ಜಿಯಂ ಮೂಲದ ಜನರಲ್ ಸಂಡೂರು ಮೈನಿಂಗ್ ಕಂಪನಿ ನಮ್ಮ ಗುಡ್ಡಗಳಿಗೆ ಮ್ಯಾಂಗನೀಸ್ ತೆಗೆಯಲು ಬಂತು. 1954ರಲ್ಲಿ ಅದರ ಜಾಗಕ್ಕೆ ಸಂಡೂರು ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಕಂಪನಿ ಬಂತು. 1905ರಲ್ಲಿ ಶುರುವಾದ ಹೊಸಪೇಟೆ–ಕೊಟ್ಟೂರು ಮೀಟರ್‌ಗೇಜ್ ದಾರಿಯಿಂದ ಗುಂಡಾ ರೋಡ್‌ನಲ್ಲಿ ಕವಲೊಡೆದ ಹಳಿ ಯಶವಂತನಗರದ ಮೇಲೆ ಸ್ವಾಮಿಹಳ್ಳಿ ಮುಟ್ಟುತ್ತದೆ. ನಮ್ಮ ಕಣಿವೆಯ ಅದಿರು ಹೊಸಪೇಟೆ ಹಾದು ಮರ್ಮಗೋವಾ ಬಂದರು ಸೇರುತ್ತಿತ್ತು.

ಸ್ವಾಮಿಹಳ್ಳಿಯ ದಾರಿ ಈಗಲೂ ಜೀವಂತ. ಆದರೆ 1992ರಲ್ಲಿ ರೈಲ್ವೆ ಇಲಾಖೆ ದೇಶದ ಮೀಟರ್‌ಗೇಜ್ ಹಳಿಗಳನ್ನು ಬ್ರಾಡ್‌ಗೇಜ್ ಮಾಡಲು ಹೊರಟ ಮೇಲೆ, ಎಲ್ಲ ಕಡೆಯಂತೆ ಇಲ್ಲೂ ಹಳೆಯದು ಬದಿಗೆ ಸರಿಯಿತು. ಗೇಜ್ ಬದಲಾದಾಗ ತಿರುವು ನೇರವಾಗುತ್ತದೆ, ಹಳೆಯ ಕಟ್ಟೆ ಪಕ್ಕದಲ್ಲೇ ಉಳಿಯುತ್ತದೆ. ಗಣಿ ನಿಂತಾಗ ಅದರ ಸೈಡಿಂಗ್, ಅದಿರು ತುಂಬುವ ಕಟ್ಟೆ ಅನಾಥವಾಗುತ್ತವೆ. ಇಂಥವನ್ನು ನಡೆದು, ಅಳೆದು, ಬರೆದಿಡುವ ಕೆಲಸದಲ್ಲಿ ನಾನು ಬಹಳ ವರ್ಷಗಳಿಂದ ಇದ್ದೇನೆ. ಈಚೆಗೆ ಕಾಲೇಜು ಹುಡುಗ ಹುಡುಗಿಯರೂ ಜೊತೆಗೆ ಬರುತ್ತಾರೆ. ಅವರಿಗೆ ದಾರಿಯಲ್ಲಿ ಹೇಳುತ್ತ ಬಂದ ಮಾತುಗಳಿವು.

1. ಕಬ್ಬಿಣ ಹುಡುಕಬೇಡಿ, ಏರು ಇಳಿತ ನೋಡಿ

ಹೊಸಬರು ಬಂದ ಕೂಡಲೇ ಕಂಬಿಗಾಗಿ ಕಣ್ಣಾಡಿಸುತ್ತಾರೆ. ಕಂಬಿ ಇದ್ದಿದ್ದರೆ ನಮ್ಮನ್ನು ಯಾರು ಕರೆಯುತ್ತಿದ್ದರು? ಹಳಿ ಕಿತ್ತ ಮೇಲೂ ಉಳಿಯುವುದು ನೆಲದ ಓರೆ. ಎತ್ತಿನ ಗಾಡಿ ಇಪ್ಪತ್ತು ಅಡಿಗೆ ಒಂದು ಅಡಿ ಏರುವ ದಾರಿಯನ್ನು ಏದುಸಿರು ಬಿಡುತ್ತಾ ಹತ್ತೀತು. ರೈಲಿಗೆ ಅದು ಆಗದು. ಬಯಲಿನಲ್ಲಿ ನೂರಕ್ಕೆ ಒಂದು ಅದಕ್ಕೆ ಹಿತ, ಘಟ್ಟದಲ್ಲಿ ನಲವತ್ತಕ್ಕೆ ಒಂದು ಅಂದರೆ ಕಡಿದು. ಹಾಗಾಗಿ ರೈಲು ದಾರಿ ಗುಡ್ಡವನ್ನು ಎದುರಿಸುವುದಿಲ್ಲ, ಬಳಸಿಕೊಂಡು ಹೋಗುತ್ತದೆ. ತಗ್ಗು ಬಂದಲ್ಲಿ ಕಟ್ಟೆ ಹಾಕಿಕೊಳ್ಳುತ್ತದೆ, ದಿಬ್ಬ ಬಂದಲ್ಲಿ ಸೀಳಿಕೊಳ್ಳುತ್ತದೆ.

ಅಳೆಯಲು ದೊಡ್ಡ ಯಂತ್ರ ಬೇಕಿಲ್ಲ. ಗೌಂಡಿಗಳು ಮಟ್ಟ ನೋಡಲು ಬಳಸುವ ನೀರು ತುಂಬಿದ ಪೈಪು ಸಾಕು. ನೂರು ಮೀಟರು ಹಿಡಿದು ನೋಡಿ. ಏರಿಕೆ ಒಂದು ಮೀಟರಿನ ಆಚೀಚೆ ಬಂದು, ಮುಂದಿನ ನೂರರಲ್ಲೂ ಅಷ್ಟೇ ಬಂದರೆ ಅದು ದನದ ದಾರಿಯಲ್ಲ. ಗಣಿ ಹಳಿಗೆ ಇನ್ನೊಂದು ಗುಣವಿದೆ. ತುಂಬಿದ ವ್ಯಾಗನ್ ಇಳಿಯುತ್ತದೆ, ಖಾಲಿ ವ್ಯಾಗನ್ ಏರುತ್ತದೆ. ಆದ್ದರಿಂದ ಗಣಿಯ ಕಡೆಗಿನ ಏರು ಪ್ರಯಾಣಿಕರ ದಾರಿಗಿಂತ ಕಡಿದಾಗಿದ್ದರೂ ಎಂಜಿನಿಯರು ಒಪ್ಪಿಕೊಂಡಿರುತ್ತಾನೆ. ಓರೆ ನೋಡಿಯೇ ಭಾರ ಯಾವ ಕಡೆಯಿಂದ ಬರುತ್ತಿತ್ತು ಎಂದು ಹೇಳಬಹುದು.

ಕಟ್ಟೆಯ ಎರಡೂ ಬದಿಗೆ ಸಾಲಾಗಿ ಸಣ್ಣ ಗುಂಡಿಗಳು ಕಂಡರೆ ಅವನ್ನೂ ನಕ್ಷೆಗೆ ಹಾಕಿ. ಕಟ್ಟೆಗೆ ಮಣ್ಣು ಅಗೆದು ಬುಟ್ಟಿಯಲ್ಲಿ ಹೊತ್ತು ಹಾಕಿದ ಜಾಗಗಳವು. ಮಳೆಗಾಲದಲ್ಲಿ ಎಮ್ಮೆ ಮಲಗುವ ಆ ಹೊಂಡಗಳು ಎಷ್ಟೋ ಸಲ ಕಟ್ಟೆಗಿಂತ ಹೆಚ್ಚು ಕಾಲ ಬಾಳುತ್ತವೆ.

2. ಸೇತುವೆಯನ್ನು ಅದರ ತುದಿಗಳಲ್ಲಿ ಓದಿ

ದಾರಿಯೊಂದು ಸತ್ತರೆ ಅದರ ಅಂಗಗಳು ಒಂದು ಕ್ರಮದಲ್ಲಿ ಹೋಗುತ್ತವೆ. ಮೊದಲು ಕಂಬಿ ಮತ್ತು ಗರ್ಡರು, ಎರಡಕ್ಕೂ ತೂಕದ ಬೆಲೆ ಇದೆ, ಗುಜರಿಯವರು ಬಿಡುವುದಿಲ್ಲ. ಆಮೇಲೆ ಸ್ಲೀಪರ್ ಕಟ್ಟಿಗೆ, ಅದು ದನದ ಕೊಟ್ಟಿಗೆಗೂ ಬಾಗಿಲ ಚೌಕಟ್ಟಿಗೂ ಆಗುತ್ತದೆ. ಆಮೇಲೆ ಕೆತ್ತಿದ ಕಲ್ಲು, ಮನೆಯ ತಳಪಾಯಕ್ಕೆ. ಜಲ್ಲಿ ರಸ್ತೆಗೆ ಹೋಗುತ್ತದೆ. ಮಣ್ಣು ಕೊನೆಯದು. ಕಬ್ಬಿಣ, ಕಲ್ಲು ಎರಡನ್ನೂ ಒಂದೇ ಜಾಗದಲ್ಲಿ ಹೊತ್ತು ನಿಂತದ್ದು ಸೇತುವೆ. ಅದಕ್ಕೇ ಅದು ಮೊದಲು ಬರಿದಾಗುತ್ತದೆ, ಉಳಿದದ್ದನ್ನು ಹಳ್ಳದ ನೀರು ನೋಡಿಕೊಳ್ಳುತ್ತದೆ.

ಹಾಗಾದರೆ ಇಲ್ಲದ ಸೇತುವೆಯನ್ನು ನೋಡುವುದು ಹೇಗೆ? ಹಳ್ಳದ ದಡಕ್ಕೆ ಬಂದು ಕಟ್ಟೆ ತಟ್ಟನೆ ನಿಂತುಬಿಡುತ್ತದೆ. ಆಚೆ ದಡದಲ್ಲಿ ಅದೇ ಎತ್ತರದಲ್ಲಿ ಮತ್ತೆ ಶುರುವಾಗುತ್ತದೆ. ಅದೇ ಎತ್ತರ ಅನ್ನುವುದು ಮುಖ್ಯ. ರಸ್ತೆಯಾದರೆ ಹಳ್ಳಕ್ಕೆ ಇಳಿದು ಏರೀತು, ತಗ್ಗು ಸೇತುವೆಯಲ್ಲಿ ಸುಧಾರಿಸಿಕೊಂಡೀತು. ತುಂಗಭದ್ರಾ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಗಂಗಾವತಿ ಕಡೆಯ ಕಂಪ್ಲಿ ಸೇತುವೆ ಮುಳುಗಿ ಸಂಚಾರ ನಿಲ್ಲುವುದನ್ನು ನಾವೆಲ್ಲ ಮಳೆಗಾಲದಲ್ಲಿ ಕಂಡಿದ್ದೇವೆ. ರೈಲಿಗೆ ಆ ಸ್ವಾತಂತ್ರ್ಯ ಇಲ್ಲ. ದಡಕ್ಕಿಂತ ಎತ್ತರದ ಎರಡು ಮೊಂಡು ತುದಿಗಳು ಎದುರುಬದುರು ನಿಂತಿವೆ ಎಂದರೆ ನಡುವೆ ಗರ್ಡರು ಇತ್ತು ಎಂದೇ ಲೆಕ್ಕ.

ಈಗ ತುದಿಗೆ ಹತ್ತಿರ ಹೋಗಿ, ಜಾಲಿ ಸರಿಸಿ. ಕಟ್ಟೆಯ ಮಣ್ಣು ಜಾರದಂತೆ ಎರಡು ಕಡೆಗೆ ರೆಕ್ಕೆಯಂತೆ ಓರೆಯಾಗಿ ಇಳಿಯುವ ಗೋಡೆ ಇದೆಯೇ? ಮೇಲ್ಭಾಗದಲ್ಲಿ ಉಳಿದವಕ್ಕಿಂತ ದೊಡ್ಡದಾದ, ನುಣುಪಾಗಿ ಕೆತ್ತಿದ ಕಲ್ಲು ಇದೆಯೇ? ಗರ್ಡರು ಕೂತಿದ್ದು ಅದರ ಮೇಲೆ. ಅದರಲ್ಲಿ ಬೋಲ್ಟಿನ ತೂತುಗಳಿದ್ದರೆ ನಿಮ್ಮ ಅದೃಷ್ಟ. ತೂತಿನಿಂದ ತೂತಿಗೆ ಅಳೆಯಿರಿ, ಗರ್ಡರುಗಳ ನಡುವಿನ ಅಂತರ ಸಿಗುತ್ತದೆ. ಮೀಟರ್‌ಗೇಜ್ ಅಂದರೆ ಹಳಿಗಳ ಒಳಅಂಚಿನ ನಡುವೆ 1,000 ಮಿಲಿಮೀಟರು, ಬ್ರಾಡ್‌ಗೇಜ್ 1,676. ಗಣಿಯೊಳಗಿನ ಟ್ರಾಲಿ ಹಳಿಗಳು ಇದಕ್ಕೂ ಕಿರಿದು. ತೂತುಗಳ ಅಂತರ ಗೇಜನ್ನು ನೇರವಾಗಿ ಹೇಳದಿದ್ದರೂ ಯಾವ ಜಾತಿಯ ಬಂಡಿ ಎಂಬುದನ್ನು ಹೇಳುತ್ತದೆ. ಹಳ್ಳದೊಳಗೆ ಕಂಬದ ಬುಡ ಉಳಿದಿದ್ದರೆ ಯಾವ ಮುಖ ಚೂಪಾಗಿದೆ ನೋಡಿ. ಚೂಪು ಮುಖ ನೀರು ಬರುವ ದಿಕ್ಕಿಗೆ ಇರುತ್ತದೆ, ಪ್ರವಾಹವನ್ನು ಸೀಳಲು.

ಕಲ್ಲುಗಳು ಹೋದದ್ದು ಎಲ್ಲಿಗೆ ಎಂದೂ ಹುಡುಕಿ. ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಹೇಟರ್ ಎಂಬಲ್ಲಿ 1820ರಲ್ಲಿ ಕಲ್ಲುಗಣಿಗೆಂದು ಹಾಕಿದ ದಾರಿಯಲ್ಲಿ ಹಳಿಯೇ ಗ್ರಾನೈಟಿನದು, ಬಂಡಿ ಎಳೆದದ್ದು ಕುದುರೆ. ಯಾರೂ ಕದಿಯುವ ವಸ್ತುವಲ್ಲದ್ದರಿಂದ ಇಂದಿಗೂ ಇದೆ. ಆ ಕಲ್ಲು 1831ರ ಲಂಡನ್ ಸೇತುವೆಗೆ ಹೋಯಿತು. ಆ ಸೇತುವೆಯನ್ನು 1968ರಲ್ಲಿ ಮಾರಿದರು, ಅದರ ಹೊರಗಲ್ಲು ಈಗ ಅಮೆರಿಕದ ಅರಿಜೋನಾದಲ್ಲಿದೆ. ಗಣಿಯ ಹಳಿ ಉಳಿದು, ಅದು ಹೊತ್ತ ಕಲ್ಲಿನ ಸೇತುವೆ ಕಡಲಾಚೆ ಹೋದದ್ದು ನನಗೆ ಇಂದಿಗೂ ಅಚ್ಚರಿ. ನಮ್ಮಲ್ಲಿ ಕಲ್ಲು ಅಷ್ಟು ದೂರ ಹೋಗುವುದಿಲ್ಲ. ಪಕ್ಕದ ಊರಿನ ಗುಡಿಯ ಕಟ್ಟೆ, ಬಾವಿಯ ಮೆಟ್ಟಿಲು, ಶಾಲೆಯ ಕಾಂಪೌಂಡು, ಇಷ್ಟರಲ್ಲೇ ಇರುತ್ತದೆ.

3. ಬಣ್ಣ ಹೊಂದದ ಕಲ್ಲು ಎತ್ತಿ ನೋಡಿ

ಸಂಡೂರು ಗುಡ್ಡದ ನೆಲ ಕೆಂಪು, ಕಲ್ಲು ಪಟ್ಟೆ ಪಟ್ಟೆಯ ಕಬ್ಬಿಣಗಲ್ಲು. ಅಂಥ ಜಾಗದಲ್ಲಿ ಬೂದು ಗ್ರಾನೈಟಿನ ಮುಷ್ಟಿಗಾತ್ರದ ಚೂಪು ಚೂರುಗಳು ಒಂದೇ ಸಾಲಿನಲ್ಲಿ ಬಿದ್ದಿದ್ದರೆ ಅವು ತಾವಾಗಿ ಬಂದಿಲ್ಲ, ಹಳಿಯ ಕೆಳಗೆ ಹಾಸಲು ಬಯಲಿನಿಂದ ತಂದವು. ಬಯಲಿನಲ್ಲಿ ಇದರ ತಿರುಗುಮುರುಗು: ಬೂದು ನೆಲದ ಮೇಲೆ ಕೆಂಪು, ಕಪ್ಪು ಉಂಡೆಗಳು ಸಿಕ್ಕರೆ ವ್ಯಾಗನ್ನಿನಿಂದ ಉದುರಿದ ಅದಿರು.

ಕಪ್ಪಗಿದ್ದದ್ದೆಲ್ಲ ಮ್ಯಾಂಗನೀಸ್ ಅಲ್ಲ, ಕಬ್ಬಿಣದ ಅದಿರೂ ಕಪ್ಪಗೆ ಹೊಳೆಯುತ್ತದೆ. ಚೀಲದಲ್ಲಿ ಒಂದು ಟೈಲ್ಸ್ ತುಂಡು ಇಟ್ಟುಕೊಳ್ಳಿ. ಹೊಳಪಿಲ್ಲದ ಹಿಂಬದಿಗೆ ಕಲ್ಲನ್ನು ಉಜ್ಜಿ. ಗೆರೆ ಕೆಂಪು ಕಂದು ಬಂದರೆ ಕಬ್ಬಿಣ, ಕಪ್ಪು ಬಂದರೆ ಮ್ಯಾಂಗನೀಸ್. ಮೆದು ಮ್ಯಾಂಗನೀಸ್ ಆದರೆ ಬೆರಳಿಗೂ ಮಸಿ ಹತ್ತುತ್ತದೆ, ತೊಳೆದರೂ ಉಗುರು ಸಂದಿಯಲ್ಲಿ ಸಂಜೆಯ ತನಕ ಇರುತ್ತದೆ. ಈ ಎರಡು ಬಣ್ಣದ ಗೆರೆಯಿಂದ ಆ ಸೈಡಿಂಗ್ ಯಾವ ಗಣಿಗೆ ಸೇರಿದ್ದು ಎಂದು ಊಹಿಸುವ ದಾರಿ ತೆರೆಯುತ್ತದೆ.

4. ಬೆಣೆಯ ಗುರುತಿನಲ್ಲಿ ಕಾಲ ಇದೆ

ಹಂಪಿಯ ಬಂಡೆಗಳ ಮೇಲೆ ಸಾಲು ಸಾಲು ಆಯತಾಕಾರದ ಕುಳಿಗಳನ್ನು ನೋಡದವರಿಲ್ಲ. ಉಳಿಯಿಂದ ಕುಳಿ ತೋಡಿ, ಬೆಣೆ ಬಡಿದು ಬಂಡೆ ಸೀಳಿದ ಗುರುತು. ಕೆಲವು ಬಂಡೆಗಳಲ್ಲಿ ಕುಳಿ ತೋಡಿ ಸೀಳದೆ ಬಿಟ್ಟಿದ್ದಾರೆ. ಈ ಕಾಲದ ಗಣಿಯಲ್ಲಿ ಡ್ರಿಲ್ ತೂತು ದುಂಡಗೆ. ಸೀಳಿದ ಕಲ್ಲಿನ ಮೈಮೇಲೆ ಅರ್ಧ ಕೊಳವೆಯ ಗೆರೆ ಉದ್ದಕ್ಕೆ ಉಳಿಯುತ್ತದೆ. ಸೇತುವೆಯ ಕಲ್ಲಿನ ಹಿಂಬದಿಯಲ್ಲಿ, ಗಾರೆ ಮುಚ್ಚದ ಕಡೆ, ಇವೆರಡರಲ್ಲಿ ಯಾವುದಿದೆ ಎಂದು ನೋಡಿ. ರೈಲಿನ ಕಾಲದ ಗೋಡೆಯಲ್ಲಿ ಆಯತದ ಕುಳಿ ಕಂಡರೆ ಹಳೆಯ ಕಟ್ಟಡವೊಂದರ ಕಲ್ಲು ಅಲ್ಲಿಗೆ ಬಂದಿರುವ ಸಾಧ್ಯತೆ ಇದೆ. ಆದರೆ ಕೈ ಉಳಿಯ ಕೆಲಸ ಮೊನ್ನೆ ಮೊನ್ನೆಯ ತನಕ ನಡೆದಿದೆ, ಆದ್ದರಿಂದ ಇದೊಂದನ್ನೇ ನಂಬಿ ತೀರ್ಪು ಕೊಡಬೇಡಿ. ಕಲ್ಲು ಒಡೆಯುವ ಕುಲಕಸುಬಿನ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ. ಅವರು ಗೋಡೆಯ ಮೇಲೆ ಕೈಯಾಡಿಸಿ ಹೇಳುವುದು ನಮ್ಮ ಪುಸ್ತಕಗಳಲ್ಲಿ ಇಲ್ಲ.

5. ಸಾಲುಗಂಬವೆಲ್ಲ ಸೇತುವೆ ಅಲ್ಲ

ವಿಜಯವಿಠ್ಠಲ ದೇವಸ್ಥಾನದ ಆಚೆ, ಪುರಂದರದಾಸರ ಮಂಟಪದ ಹತ್ತಿರ, ತುಂಗಭದ್ರೆಯೊಳಗೆ ಒರಟು ಕಲ್ಲುಗಂಬಗಳು ಸಾಲಾಗಿ ನಿಂತಿವೆ. ವಿಜಯನಗರ ಕಾಲದಲ್ಲಿ ಆನೆಗೊಂದಿಯ ಕಡೆಗೆ ದಾಟಿಸುತ್ತಿದ್ದ ಸೇತುವೆಯ ಕಾಲುಗಳು. ಮೇಲಿನ ಹಾಸು ಮರದ್ದಿರಬೇಕು, ಅದರ ಒಂದು ತುಂಡೂ ಉಳಿದಿಲ್ಲ. ನನ್ನ ಹುಡುಗರಿಗೆ ನಾನು ಮೊದಲು ತೋರಿಸುವುದು ಇದನ್ನೇ, ಗಣಿ ಹಳಿಯ ಸೇತುವೆಗಳನ್ನಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ದಡದಲ್ಲಿ ನಿಂತು ಕಂಬಗಳ ಸಾಲಿಗೆ ಕಣ್ಣಿಟ್ಟರೆ ದಾರಿ ಎಲ್ಲಿ ಹತ್ತಿತು, ಎಲ್ಲಿ ಇಳಿಯಿತು ಎಂಬುದು ಗೆರೆ ಎಳೆದಷ್ಟು ಸ್ಪಷ್ಟ.

ಅದೇ ನದಿಯಲ್ಲಿ ಮೇಲಕ್ಕೆ ಹೋದರೆ ವಿರೂಪಾಪುರ ಗಡ್ಡೆಯ ಬಳಿ ಇನ್ನೊಂದು ಕಲ್ಲುಗಂಬದ ಸಾಲು. ಪ್ರವಾಸಿಗರು ಇದನ್ನೂ ಸೇತುವೆ ಅನ್ನುತ್ತಾರೆ. ಅದು ಬುಕ್ಕನ ಹೆಸರಿನ ಮೇಲ್ಗಾಲುವೆ. ವ್ಯತ್ಯಾಸ ಮೇಲೆ ಇದೆ: ನೀರು ಹರಿಯುವ ಕಾಲುವೆಗೆ ಸಣ್ಣ, ಸಮನಾದ ಇಳಿಜಾರು ಬೇಕು, ಎರಡು ಬದಿಗೆ ಒಡ್ಡು ಬೇಕು, ಅಗಲ ಕಡಿಮೆ ಇದ್ದರೂ ನಡೆಯುತ್ತದೆ. ಜನ, ದನ ದಾಟುವ ಸೇತುವೆಗೆ ಅಗಲ ಬೇಕು, ಎರಡೂ ತುದಿಯಲ್ಲಿ ದಾರಿ ಬಂದು ಕೂಡಬೇಕು. ಕಂಬ ನೋಡಿ ಹೆಸರಿಡುವ ಮುನ್ನ ಎರಡೂ ತುದಿಗೆ ನಡೆದು ಹೋಗಿ.

ಸೇತುವೆ ಇಲ್ಲದ ಕಡೆ ಜನ ಏನು ಮಾಡಿದರು ಅನ್ನುವುದೂ ದಾಖಲೆಯ ಭಾಗ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿ ಬುಟ್ಟಿಯಂಥ ದುಂಡು ದೋಣಿಗಳಲ್ಲಿ ನದಿ ದಾಟುವುದನ್ನು ಬರೆದಿದ್ದಾನೆ: ಒಳಗೆ ಬೆತ್ತ, ಹೊರಗೆ ಚರ್ಮ, ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ಅದರಲ್ಲೇ ದಾಟಿಸುತ್ತಿದ್ದರು. ನಮ್ಮ ಹರಿಗೋಲು. ಐದು ಶತಮಾನ ಕಳೆದರೂ ಈ ದಡಗಳ ನಡುವೆ ಸೇತುವೆಯ ಕಥೆ ಸುಗಮವಾಗಲಿಲ್ಲ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಂಪಿ, ಹೊಸ ಸೇತುವೆಗಳ ಕಾಮಗಾರಿಯ ಕಾರಣದಿಂದ 1999ರಲ್ಲಿ ಅಪಾಯದ ಪಟ್ಟಿಗೆ ಹೋಗಿ 2006ರಲ್ಲಿ ಹೊರಬಂತು. 2009ರ ಜನವರಿಯಲ್ಲಿ ಅವುಗಳಲ್ಲೊಂದಾದ ಆನೆಗೊಂದಿಯ ಸೇತುವೆ ಕಟ್ಟುತ್ತಿರುವಾಗಲೇ ಕುಸಿದು ಕಾರ್ಮಿಕರ ಜೀವ ಹೋಯಿತು. ಮಾಯವಾದ ಸೇತುವೆಗಳ ಪಟ್ಟಿ ಮಾಡುವಾಗ ಅದನ್ನೂ, ಅಲ್ಲಿ ಸತ್ತವರನ್ನೂ ಬಿಡಬಾರದು.

6. ಶಾಲೆಯ ಗಂಟೆಯನ್ನು ಕೇಳಿ

ನಮ್ಮ ಭಾಗದ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಗಂಟೆ ಅಂದರೆ ತಂತಿಗೆ ನೇತುಹಾಕಿದ ಕಂಬಿ ತುಂಡು. ಹೆಡ್‌ಮಾಸ್ತರರ ಅಪ್ಪಣೆ ಪಡೆದು ಅದರ ನಡುಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ. ಹಳಿ ಕಾರ್ಖಾನೆಯವರು ಉಬ್ಬು ಅಕ್ಷರದಲ್ಲಿ ತಯಾರಕರ ಹೆಸರು, ವರ್ಷ, ತೂಕ ಒತ್ತಿರುತ್ತಾರೆ. ಅರ್ಧ ಅಕ್ಷರ ಉಳಿದಿದ್ದರೂ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಮೂಡುತ್ತದೆ. ಅಕ್ಷರ ಸವೆದಿದ್ದರೆ ಎತ್ತರ ಅಳೆಯಿರಿ. ಭಾರತೀಯ ರೈಲ್ವೆಯ ಅಳತೆಯಲ್ಲಿ ಗಜಕ್ಕೆ 50 ಪೌಂಡಿನ ಹಳಿ ಸುಮಾರು 105 ಮಿಲಿಮೀಟರು ಎತ್ತರ, 60 ಪೌಂಡಿನದು 114, 90 ಪೌಂಡಿನದು 143. ಮೊದಲೆರಡು ಮೀಟರ್‌ಗೇಜಿನ ಕಡೆಯವು, ಮೂರನೆಯದು ಹೆಚ್ಚಾಗಿ ಬ್ರಾಡ್‌ಗೇಜಿನದು. ಇದಕ್ಕೂ ಬಹಳ ಗಿಡ್ಡಗಿದ್ದರೆ ಗಣಿ ಟ್ರಾಲಿಯ ಹಳಿ ಇರಬಹುದು.

ಗಂಟೆಯನ್ನು ಅಲ್ಲೇ ಬಿಡಿ. ಅದು ಮಕ್ಕಳನ್ನು ಊಟಕ್ಕೆ ಕರೆಯುವ ಕೆಲಸದಲ್ಲಿದೆ. ಯಾವ ಹಳಿ ತುಂಡನ್ನೂ ಮನೆಗೆ ತರಬೇಡಿ. ರೈಲ್ವೆ ಸೊತ್ತನ್ನು ಅಕ್ರಮವಾಗಿ ಇಟ್ಟುಕೊಳ್ಳುವುದು 1966ರ ಕಾಯ್ದೆಯ ಪ್ರಕಾರ ಅಪರಾಧ.

7. ಇಸವಿ ಕೇಳಬೇಡಿ

“ಯಾವ ವರ್ಷ ಕಂಬಿ ಕಿತ್ತರು?” ಎಂದು ಕೇಳಿದರೆ ಹಿರಿಯರು ಕಂಗಾಲಾಗುತ್ತಾರೆ, ಇಲ್ಲವೇ ನಮ್ಮ ಮನಸ್ಸಿಗೆ ಹಿತವಾಗುವ ವರ್ಷ ಹೇಳುತ್ತಾರೆ. “ಅಜ್ಜಾ, ಡ್ಯಾಮಿನ ನೀರು ಬಿಡೋಕ್ಕಿಂತ ಮುಂಚೇನೋ ಆಮ್ಯಾಲೋ?” ಎಂದು ಕೇಳಿ, 1953 ಎಂಬ ಗೂಟ ಸಿಗುತ್ತದೆ. “ಅಮ್ಮಾ, ನಿಮ್ಮ ಮದಿವಿ ದಿಬ್ಬಣ ಗಾಡ್ಯಾಗ ಬಂತಾ ರೈಲಿನ್ಯಾಗಾ?” ಎಂದರೆ ಇಡೀ ಕಥೆ ಹೊರಬರುತ್ತದೆ, ಹತ್ತಿದ ಸ್ಟೇಷನ್ನು, ಕಟ್ಟಿಕೊಂಡ ಬುತ್ತಿ, ಕಲ್ಲಿದ್ದಲ ಕಿಡಿ ಬಿದ್ದು ಸುಟ್ಟ ಸೀರೆ ಸೆರಗಿನ ಸಮೇತ.

ಗಂಡಸರನ್ನು ಮಾತ್ರ ಕೇಳಿ ಹಿಂದಿರುಗಬೇಡಿ. ಅದಿರು ಆರಿಸುವ, ಬುಟ್ಟಿ ಹೊರುವ ಕೆಲಸದಲ್ಲಿ ಹೆಂಗಸರೇ ಬಹಳ ಇದ್ದರು. ವ್ಯಾಗನ್ ತುಂಬುವ ಕಟ್ಟೆ ಎಷ್ಟು ಎತ್ತರ ಇತ್ತು ಎಂಬುದನ್ನು ಅವರು ತಮ್ಮ ಸೊಂಟ, ಭುಜ ಮುಟ್ಟಿ ತೋರಿಸುತ್ತಾರೆ.

8. ಕಾಗದ ಹಲವು ರಾಜ್ಯಗಳಲ್ಲಿ ಹಂಚಿಹೋಗಿದೆ

ಹೊಸಪೇಟೆ, ಬಳ್ಳಾರಿ ಮದ್ರಾಸ್ ಪ್ರಾಂತ್ಯದವು, 1953ರ ಅಕ್ಟೋಬರ್ 1ರಂದು ಮೈಸೂರಿಗೆ ಬಂದವು. ಸಂಡೂರು ಘೋರ್ಪಡೆಯವರ ಸಂಸ್ಥಾನ, 1949ರಲ್ಲಿ ವಿಲೀನವಾಯಿತು. ನದಿಯಾಚೆಯ ಆನೆಗೊಂದಿ, ಗಂಗಾವತಿ ನಿಜಾಮನ ಸೀಮೆ. 2021ರಿಂದ ಹೊಸಪೇಟೆ ವಿಜಯನಗರ ಜಿಲ್ಲೆ, ಸಂಡೂರು ಕಂಪ್ಲಿ ಬಳ್ಳಾರಿಯಲ್ಲೇ. ರೈಲ್ವೆಯ ಕಥೆ ಬೇರೆ: ಸದರ್ನ್ ಮರಾಠಾ ರೈಲ್ವೆ 1908ರಲ್ಲಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ಆಯಿತು, 1951ರಲ್ಲಿ ದಕ್ಷಿಣ ರೈಲ್ವೆ, 1966ರಲ್ಲಿ ದಕ್ಷಿಣ ಮಧ್ಯ, 2003ರಲ್ಲಿ ಹುಬ್ಬಳ್ಳಿಯ ನೈರುತ್ಯ ರೈಲ್ವೆ. ನಿಮ್ಮ ಸೇತುವೆ ಯಾವ ವರ್ಷದ್ದು ಎಂದು ಅಂದಾಜಾದರೆ ಅದರ ಕಾಗದವನ್ನು ಚೆನ್ನೈಯಲ್ಲಿ ಕೇಳಬೇಕೋ ಸಿಕಂದರಾಬಾದಿನಲ್ಲೋ ಹುಬ್ಬಳ್ಳಿಯಲ್ಲೋ ಎಂಬುದು ಈ ಪಟ್ಟಿಯಿಂದ ತಿಳಿಯುತ್ತದೆ.

ಎಲ್ಲಕ್ಕಿಂತ ಮೊದಲು ಗ್ರಾಮ ನಕ್ಷೆ ತೆಗೆಸಿ. ಹೊಲಗಳನ್ನು ಅಡ್ಡ ಸೀಳಿಕೊಂಡು ಹೋಗುವ ಕಿರಿದಾದ, ಉದ್ದನೆಯ ಪಟ್ಟಿ ಕಂಡರೆ ಆ ಸರ್ವೆ ನಂಬರಿನ ಪಹಣಿ ನೋಡಿ. ಹಳಿ ಹೋದರೂ ಖರಾಬು ಜಮೀನು ಕಾಗದದಲ್ಲಿ ಉಳಿದಿರುತ್ತದೆ.

9. ಅದೇ ಜಾಗದಲ್ಲಿ ನಿಂತು ಫೋಟೊ ತೆಗೆಯಿರಿ

ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯ ಫೋಟೊಗಳನ್ನು ತೆಗೆದರು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ಎರಡನ್ನೂ ಪಕ್ಕದಲ್ಲಿಟ್ಟರೆ ಬಿದ್ದದ್ದು, ಎತ್ತಿ ನಿಲ್ಲಿಸಿದ್ದು, ಕಳೆದದ್ದು ಎಲ್ಲವೂ ಎದ್ದು ಕಾಣುತ್ತದೆ. ನಿಮ್ಮ ಫೋಟೊದಲ್ಲೂ ಮೇಲ್ತುದಿಯಲ್ಲಿ ಗುಡ್ಡದ ಅಂಚು ಬರಲಿ, ಮುಂದಿನವರು ಜಾಗ ಹಿಡಿಯಲು ಅದೇ ಆಧಾರ. ಆದರೆ ಸಂಡೂರಿನಲ್ಲಿ ಗುಡ್ಡದ ಅಂಚೂ ಸ್ಥಿರವಲ್ಲ ಅನ್ನುವುದು ನಮ್ಮ ದುಃಖ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವ ಮುಂಚಿನ ವರ್ಷಗಳಲ್ಲಿ ನೆತ್ತಿಯೇ ಬದಲಾದ ಗುಡ್ಡಗಳಿವೆ. ಹಾಗಾಗಿ ಜಿಪಿಎಸ್ ಅಂಕಿಯನ್ನೂ ಬರೆದುಕೊಳ್ಳಿ.

10. ಹೋಗುವ ಹೊತ್ತು

ಸುಗ್ಗಿ ಮುಗಿದು ಹುಲ್ಲು ಒಣಗಿದ ಮೇಲೆ, ಬಿಸಿಲು ಏರುವ ಮುಂಚೆ. ಓರೆ ಬಿಸಿಲಿನ ನೆರಳಿನಲ್ಲಿ ಅರ್ಧ ಅಡಿ ಎತ್ತರದ ಕಟ್ಟೆಯೂ ಕಾಣುತ್ತದೆ. ಬಂಡೆಗುಡ್ಡಗಳಲ್ಲಿ ಮಾತ್ರ ನಸುಕು ಮತ್ತು ಮುಸ್ಸಂಜೆ ಕರಡಿಗಳ ಹೊತ್ತು, ದರೋಜಿ ಧಾಮ ದೂರವಿಲ್ಲ. ಬೆಳಕು ಪೂರ್ತಿ ಹರಿಯಲಿ, ಮಾತಾಡುತ್ತ ಹೋಗಿ. ಓಡುವ ಹಳಿಯ ಮೇಲೆ ಕಾಲಿಡಬೇಡಿ. ಗುತ್ತಿಗೆ ಇರುವ ಗಣಿಗೆ ಅನುಮತಿ ಇಲ್ಲದೆ ನುಗ್ಗಬೇಡಿ. ಬಿಟ್ಟ ಗಣಿಯ ನೀರಿಗೆ ಇಳಿಯಲೇಬೇಡಿ, ಅದರ ಅಂಚು ನಿಂತಂತೆ ಕಂಡರೂ ಒಳಗೆ ಕೊರೆದಿರುತ್ತದೆ.

11. ಬರೆದದ್ದನ್ನು ಊರಿಗೆ ಕೊಡಿ

ಹಂಪಿಯ ಕಂಬಕ್ಕೆ ಪ್ರಾಧಿಕಾರವಿದೆ, ಕಾಯ್ದೆ ಇದೆ, ಸ್ಮಾರಕದ ಸುತ್ತ ನೂರು ಮೀಟರಿನ ನಿಷೇಧವಿದೆ. ಗಣಿ ಹಳಿಯ ಮೋರಿಗೆ ಯಾರೂ ಇಲ್ಲ. ರಸ್ತೆ ಅಗಲ ಮಾಡುವ ಜೆಸಿಬಿಯ ಚಾಲಕನಿಗೆ ಅದು ಅಡ್ಡ ಬಂದ ಕಲ್ಲು. ಅವನ ತಪ್ಪಲ್ಲ, ಅವನಿಗೆ ಯಾರೂ ಹೇಳಿಲ್ಲ. ಅಳತೆ, ನಕ್ಷೆ, ಫೋಟೊ, ಹಿರಿಯರ ಮಾತು ಎಲ್ಲವನ್ನೂ ಕನ್ನಡದಲ್ಲಿ ಬರೆದು ಒಂದು ಪ್ರತಿ ಗ್ರಾಮ ಪಂಚಾಯಿತಿಗೆ, ಒಂದು ಶಾಲೆಗೆ, ಒಂದು ಹುಬ್ಬಳ್ಳಿಯ ರೈಲು ವಸ್ತುಸಂಗ್ರಹಾಲಯಕ್ಕೆ ಕೊಡಿ. ಪಂಚಾಯಿತಿಗೆ ಕೊಡುವ ಪ್ರತಿಯಲ್ಲಿ ಸರ್ವೆ ನಂಬರ್ ಮೊದಲ ಸಾಲಿನಲ್ಲೇ ಇರಲಿ. ಕಾಮಗಾರಿಯ ಅಂದಾಜುಪಟ್ಟಿ ಮಾಡುವವರು ಮೊದಲು ನೋಡುವುದು ಅದನ್ನೇ.